ವರದಿಯಲ್ಲಿ ‘ಗ್ರಾಂ ಪಾಸಿಟಿವ್ ದಂಡಾಣು’ ಎಂದಿದೆ. ನನ್ನ ಕಡಸುಗಳು ಸತ್ತದ್ದು ಯಾವ ರೋಗದಿಂದ?

ಪ್ರಶ್ನೆ: ಮಳೆ ಶುರುವಾದ ಮೂರನೆಯ ವಾರದಲ್ಲಿ ನಮ್ಮ ಮಂದೆಯ ಹದಿನಾಲ್ಕು ತಿಂಗಳ ಎರಡು ಕಡಸುಗಳು ಒಂದು ದಿನದ ಅಂತರದಲ್ಲಿ ಸತ್ತವು. ಮೊದಲನೆಯದು ಹಿಂದಿನ ಸಂಜೆ ಕುಂಟುತ್ತಿತ್ತು, ಅದರ ತೊಡೆ ಊದಿತ್ತು. ಎರಡನೆಯದು ಬೆಳಗ್ಗೆ ನೋಡುವಾಗಲೇ ಸತ್ತು ಬಿದ್ದಿತ್ತು. ಹೊಟ್ಟೆ ಉಬ್ಬಿತ್ತು, ಮೂಗಿನಲ್ಲಿ ರಕ್ತದ ಗುರುತಿತ್ತು. ಅಂದು ಸಂಜೆ ಹೊಟ್ಟೆ ಕೊಯ್ದು ತೆಗೆದ ಮಾದರಿಯ ವರದಿಯಲ್ಲಿ ‘ಗ್ರಾಂ ಪಾಸಿಟಿವ್ ದಂಡಾಣುಗಳು ಕಂಡುಬಂದಿವೆ’ ಎಂದಷ್ಟೇ ಬರೆದಿದ್ದಾರೆ. ಇದು ಯಾವ ರೋಗ? ಒಂದೇ ಲಸಿಕೆ ಎಲ್ಲಕ್ಕೂ ಸಾಕಾಗುತ್ತದೆಯೇ? ಉಳಿದ ದನಗಳ ಹಾಲನ್ನು ಬಳಸಬಹುದೇ, ಹೂತ ಜಾಗದಲ್ಲಿ ಮೇಯಿಸಬಹುದೇ?

ಉತ್ತರ: ಎರಡು ದಿನದಲ್ಲಿ ಬೆಳೆದ ಎರಡು ಕಡಸುಗಳನ್ನು ಕಳೆದುಕೊಳ್ಳುವುದು ಎಂಥ ನೋವೆಂದು ನಾನು ಬಲ್ಲೆ. ಆದರೂ ನಿಮ್ಮ ಪ್ರಶ್ನೆಗಳಿಗೆ ಬರುವ ಮೊದಲು ತುರ್ತಿನ ಮಾತೊಂದನ್ನು ಹೇಳಿಬಿಡುತ್ತೇನೆ. ಎರಡನೆಯ ಕಡಸು ನೆರಡಿ ರೋಗದಿಂದ, ಅಂದರೆ ಅಂಥ್ರಾಕ್ಸ್‌ನಿಂದ, ಸತ್ತಿಲ್ಲವೆಂದು ಖಚಿತವಾಗುವವರೆಗೆ ಅದು ಆ ರೋಗದಿಂದಲೇ ಸತ್ತಿದೆಯೆಂದು ತಿಳಿದು ನಡೆದುಕೊಳ್ಳಿ. ಹೊಟ್ಟೆ ಕೊಯ್ದವರು ಮತ್ತು ರಕ್ತ ಮುಟ್ಟಿದವರು ಯಾವ ಲಕ್ಷಣಕ್ಕೂ ಕಾಯದೆ ಇಂದೇ ವೈದ್ಯರನ್ನು ಕಂಡು, ಹಠಾತ್ತಾಗಿ ಸತ್ತ ದನವನ್ನು ಮುಟ್ಟಿದ್ದೇವೆ ಎಂದು ತಾವಾಗಿಯೇ ಹೇಳಬೇಕು. ಕೈ, ಮುಖ ಅಥವಾ ಕುತ್ತಿಗೆಯ ಮೇಲೆ ತುರಿಸುವ ಗುಳ್ಳೆಯೆದ್ದು, ಸುತ್ತ ಊದಿಕೊಂಡು, ನಡುವೆ ನೋವಿಲ್ಲದ ಕಪ್ಪು ಹಕ್ಕಳೆ ಕಟ್ಟಿದರೆ ಅದು ಚರ್ಮದ ಅಂಥ್ರಾಕ್ಸ್ ಆಗಿರುವ ಸಂಭವ ಹೆಚ್ಚು. ಗ್ರೀಕ್ ಭಾಷೆಯಲ್ಲಿ ಇದ್ದಿಲು ಎಂಬ ಅರ್ಥದ ಆ ಹೆಸರು ರೋಗಕ್ಕೆ ಬಂದದ್ದು ಈ ಕಪ್ಪು ಹಕ್ಕಳೆಯಿಂದಲೇ. ನೋವಿಲ್ಲವೆಂಬ ಕಾರಣಕ್ಕೇ ಜನ ಇದನ್ನು ಅಲಕ್ಷಿಸುತ್ತಾರೆ, ಆದರೆ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಇದು ಪೂರ್ತಿ ಗುಣವಾಗುವ ಕಾಯಿಲೆ.

ಇನ್ನು ವರದಿಯ ವಿಷಯ. ‘ಗ್ರಾಂ ಪಾಸಿಟಿವ್ ದಂಡಾಣು’ ಎಂಬುದು ರೋಗದ ಹೆಸರಲ್ಲ. 1884ರಲ್ಲಿ ಡೆನ್ಮಾರ್ಕಿನ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಕಂಡುಹಿಡಿದ ಬಣ್ಣದ ಪರೀಕ್ಷೆಯಲ್ಲಿ, ಗಾಜಿನ ಪಟ್ಟಿಯ ಮೇಲೆ ಸವರಿದ ಬ್ಯಾಕ್ಟೀರಿಯಾಗಳಿಗೆ ನೇರಳೆ ಬಣ್ಣ ಹಚ್ಚಿ, ಅಯೋಡಿನ್‌ನಿಂದ ಅದನ್ನು ನೆಲೆಗೊಳಿಸಿ, ಬಳಿಕ ಮದ್ಯಸಾರದಿಂದ ತೊಳೆಯುತ್ತಾರೆ. ಕೋಶಭಿತ್ತಿ ದಪ್ಪವಾಗಿರುವ ಬ್ಯಾಕ್ಟೀರಿಯಾಗಳು ಆ ನೇರಳೆಯನ್ನು ಬಿಟ್ಟುಕೊಡುವುದಿಲ್ಲ. ಅವು ಗ್ರಾಂ ಪಾಸಿಟಿವ್. ಭಿತ್ತಿ ತೆಳುವಾಗಿರುವವು ಬಣ್ಣ ಕಳೆದುಕೊಂಡು, ಆಮೇಲೆ ಹಚ್ಚುವ ಕೆಂಪು ಬಣ್ಣವನ್ನು ಹೀರಿಕೊಳ್ಳುತ್ತವೆ. ಉದ್ದನೆಯ ಕಡ್ಡಿಯಂಥ ಆಕಾರ ಇದ್ದರೆ ದಂಡಾಣು ಎನ್ನುತ್ತೇವೆ. ಈ ಎರಡು ಗುಣಗಳಿರುವ ಜೀವಿಗಳಲ್ಲಿ ದನವನ್ನು ಒಂದೇ ರಾತ್ರಿಯಲ್ಲಿ ಕೊಲ್ಲುವವೂ ಇವೆ, ಹಾಲನ್ನು ಮೊಸರು ಮಾಡುವ ನಿರುಪದ್ರವಿಗಳೂ ಇವೆ, ಮಣ್ಣಿನಲ್ಲಿ ತಮ್ಮಷ್ಟಕ್ಕೆ ಬದುಕಿಕೊಂಡಿರುವ ಅಸಂಖ್ಯ ಜಾತಿಗಳೂ ಇವೆ.

ನಿಮ್ಮ ಮಾದರಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮೆಲುಕು ಹಾಕುವ ಪ್ರಾಣಿ ಸತ್ತ ಕೆಲವೇ ಗಂಟೆಗಳಲ್ಲಿ ಅದರ ಕರುಳಿನಲ್ಲಿ ಮೊದಲಿನಿಂದಲೂ ಇದ್ದ ಕ್ಲಾಸ್ಟ್ರಿಡಿಯಂ ಜಾತಿಯ ದಂಡಾಣುಗಳು ಕರುಳಿನ ಗೋಡೆ ದಾಟಿ ಯಕೃತ್ತು, ರಕ್ತ ಸೋಸುವ ಗುಲ್ಮ ಮತ್ತು ಸ್ನಾಯುಗಳಿಗೆ ಹರಡುತ್ತವೆ. ಅವೂ ಗ್ರಾಂ ಪಾಸಿಟಿವ್ ದಂಡಾಣುಗಳೇ. ಸೆಕೆಯ ದಿನ ಬೆಳಗ್ಗೆಯಿಂದ ಸಂಜೆಯವರೆಗೆ ಬಿದ್ದಿದ್ದ ಯಾವ ದನದ ಹೊಟ್ಟೆಯಿಂದ ಮಾದರಿ ತೆಗೆದರೂ, ಅದು ಹಾವು ಕಚ್ಚಿ ಸತ್ತಿರಲಿ, ಸಿಡಿಲು ಬಡಿದು ಸತ್ತಿರಲಿ, ವರದಿಯಲ್ಲಿ ಇದೇ ವಾಕ್ಯ ಬರುವ ಸಾಧ್ಯತೆ ಇದೆ. ಆದ್ದರಿಂದ ಆ ಒಂದು ವಾಕ್ಯಕ್ಕಿಂತ ನೀವು ಕಣ್ಣಾರೆ ಕಂಡು ಬರೆದ ಸಂಗತಿಗಳೇ, ಅಂದರೆ ಪ್ರಾಯ, ಮಳೆಯ ಕಾಲ, ಕುಂಟು, ಊತ ಮತ್ತು ಮೂಗಿನ ರಕ್ತ, ನನಗೆ ಹೆಚ್ಚು ತಿಳಿಸುತ್ತವೆ.

ಮೊದಲ ಕಡಸಿನದು ಬಹುತೇಕ ಚಪ್ಪೆ ಬೇನೆ. ಕ್ಲಾಸ್ಟ್ರಿಡಿಯಂ ಶೋವಿಯೈ ಎಂಬ ದಂಡಾಣು ಇದಕ್ಕೆ ಕಾರಣ. ಫ್ರೆಂಚ್ ಪಶುವೈದ್ಯ ಆಗಸ್ಟ್ ಶೋವೋ ಅವರ ನೆನಪಿಗೆ ಆ ಹೆಸರಿಟ್ಟಿದ್ದಾರೆ. ಆರು ತಿಂಗಳಿಂದ ಎರಡು ವರ್ಷದವರೆಗಿನ, ಅದರಲ್ಲೂ ಚೆನ್ನಾಗಿ ಮೈತುಂಬಿಕೊಂಡ ದನಗಳನ್ನೇ ಈ ರೋಗ ಹೆಚ್ಚಾಗಿ ಹಿಡಿಯುತ್ತದೆ. ಮಂದೆಯಲ್ಲಿ ಕಣ್ಣಿಗೆ ಕಟ್ಟುವಂತಿದ್ದ ಕರುವೇ ಹೋಯಿತೆಂದು ಸಾಕಿದವರು ಹೇಳುವುದು ಬರಿಯ ದುಃಖದ ಮಾತಲ್ಲ, ರೋಗದ ಸ್ವಭಾವವೇ ಅಂಥದ್ದು. ಮೇವಿನೊಡನೆ ಒಳಸೇರಿದ ಬೀಜಾಣುಗಳು, ಅಂದರೆ ಗಟ್ಟಿ ಕವಚದೊಳಗೆ ಅಡಗಿದ ದಂಡಾಣುಗಳು, ಕರುಳಿನಿಂದ ಹೊರಟು ಸ್ನಾಯುಗಳಲ್ಲಿ ಸುಮ್ಮನೆ ಕುಳಿತಿರುತ್ತವೆ. ದನ ಜಾರಿಬಿದ್ದೋ, ಗುದ್ದಾಡಿಯೋ ತೊಡೆಯ ದಪ್ಪ ಸ್ನಾಯು ಜಜ್ಜಿದಾಗ ಅಲ್ಲಿ ರಕ್ತದ ಓಡಾಟ ತಗ್ಗಿ ಆಮ್ಲಜನಕ ಕಡಿಮೆಯಾಗುತ್ತದೆ. ಆಮ್ಲಜನಕವಿಲ್ಲದೆಡೆಯಲ್ಲೇ ಬೆಳೆಯುವ ಈ ದಂಡಾಣುವಿಗೆ ಬೇಕಾದದ್ದು ಅದೇ. ಹೀಗಾಗಿ ಮೇಲೆ ಒಂದು ಗೀರೂ ಇಲ್ಲದೆ ಒಳಗಿನಿಂದಲೇ ಸ್ನಾಯು ಸಾಯತೊಡಗುತ್ತದೆ.

ಊತದ ಮೇಲೆ ಕೈಯಿಟ್ಟು ನೋಡಿದವರು ಈ ರೋಗವನ್ನು ಮರೆಯುವುದಿಲ್ಲ. ಮೊದಲು ಅದು ಬಿಸಿಯಾಗಿದ್ದು, ಮುಟ್ಟಿದರೆ ದನ ನೋವಿನಿಂದ ಕಾಲು ಸೆಳೆದುಕೊಳ್ಳುತ್ತದೆ. ಕೆಲವು ಗಂಟೆಗಳ ಬಳಿಕ ಅದೇ ಜಾಗ ತಣ್ಣಗಾಗಿ ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತದೆ, ಬೆರಳಿಂದ ಒತ್ತಿದರೆ ಚರ್ಮದಡಿ ತರಗೆಲೆ ಹಿಸುಕಿದಂತೆ ಚರಚರ ಎನ್ನುತ್ತದೆ. ಅದು ದಂಡಾಣುಗಳು ಹುಟ್ಟಿಸಿದ ಗಾಳಿಯ ಗುಳ್ಳೆಗಳ ಸದ್ದು. ಆ ಸ್ನಾಯುವನ್ನು ಕೊಯ್ದರೆ ಕಪ್ಪುಗೆಂಪಾಗಿ, ಒಣಗಿದ ಸ್ಪಂಜಿನಂತೆ ತೂತುತೂತಾಗಿ, ಕಮಟು ಬೆಣ್ಣೆಯ ವಾಸನೆ ಬೀರುತ್ತದೆ. ಕುಂಟು ಕಾಣಿಸಿದ ಮೊದಲ ಗಂಟೆಗಳಲ್ಲಿಯೇ ದೊಡ್ಡ ಪ್ರಮಾಣದ ಪೆನಿಸಿಲಿನ್ ಬಿದ್ದರೆ ಕೆಲವು ಬದುಕುತ್ತವೆ. ಚರಚರ ಸದ್ದು ಕೇಳುವ ಹೊತ್ತಿಗೆ ನಂಜು ಮೈಗೆಲ್ಲ ಏರಿರುತ್ತದೆ, ಹನ್ನೆರಡರಿಂದ ನಲವತ್ತೆಂಟು ಗಂಟೆಗಳೊಳಗೆ ಸಾವು ಬರುತ್ತದೆ.

ಎರಡನೆಯ ಕಡಸೂ ಇದೇ ರೋಗದಿಂದ ಸತ್ತಿರಬಹುದು, ಏಕೆಂದರೆ ಊತ ಹೃದಯದಲ್ಲೋ, ಎದೆ ಹೊಟ್ಟೆಗಳ ನಡುವಿನ ವಪೆಯಲ್ಲೋ, ನಾಲಗೆಯ ಬುಡದಲ್ಲೋ ಆದರೆ ಹೊರಗೆ ಏನೂ ಕಾಣುವುದಿಲ್ಲ. ಸತ್ತ ಮೇಲೆ ನೊರೆಗೂಡಿದ ರಕ್ತ ಮೂಗಿನಿಂದ ಬರುವುದೂ ಉಂಟು. ಆದರೂ ಹಠಾತ್ ಸಾವು, ಬೇಗನೆ ಉಬ್ಬಿದ ಹೊಟ್ಟೆ ಮತ್ತು ಸಹಜ ರಂಧ್ರಗಳಲ್ಲಿ ರಕ್ತ ಈ ಮೂರೂ ಒಟ್ಟಿಗೆ ಕಂಡರೆ ನೆರಡಿ ರೋಗವನ್ನು ನೆನೆಯದೆ ಬೇರೇನನ್ನೂ ನೆನೆಯಬಾರದು. ಆ ರಕ್ತ ಟಾರಿನಂತೆ ಕಪ್ಪಾಗಿದ್ದು ಹೆಪ್ಪುಗಟ್ಟದಿದ್ದರೆ, ದೇಹ ಪೂರ್ತಿ ಸೆಟೆದುಕೊಳ್ಳದಿದ್ದರೆ, ಸಂಶಯ ಇನ್ನೂ ಬಲವಾಗುತ್ತದೆ. ಅಂಥ ಸಂದರ್ಭದಲ್ಲಿ ಹೊಟ್ಟೆ ಕೊಯ್ಯಲೇಬಾರದಿತ್ತು. ನಿಮ್ಮನ್ನು ದೂರಲು ಈ ಮಾತು ಹೇಳುತ್ತಿಲ್ಲ. ಕಾರಣ ತಿಳಿಯಬೇಕೆಂಬ ಕಾಳಜಿಯಿಂದಲೇ ನೀವು ಹಾಗೆ ಮಾಡಿದ್ದೀರಿ, ನನ್ನ ವೃತ್ತಿಯ ಆರಂಭದಲ್ಲಿ ನಾನೂ ಒಮ್ಮೆ ಹೊಟ್ಟೆಯುಬ್ಬರದ ಸಾವೆಂದು ತಿಳಿದು ಕತ್ತಿ ಹಾಕಿ, ಎರಡು ಪಟ್ಟಿಗೂ ಮಿಕ್ಕಿ ಊದಿ ಕೆಸರಿನಂತೆ ಕರಗಿದ್ದ ಗುಲ್ಮ ಕಂಡ ಕ್ಷಣ ಬೆವತುಹೋಗಿದ್ದೆ.

ಕೊಯ್ಯಬಾರದೇಕೆ ಎಂಬುದರಲ್ಲಿ ಈ ರೋಗದ ಇಡೀ ಗುಟ್ಟು ಅಡಗಿದೆ. ಬ್ಯಾಸಿಲಸ್ ಆಂಥ್ರಾಸಿಸ್ ಎಂಬ ಈ ದಂಡಾಣು ಪ್ರಾಣಿಯ ರಕ್ತದಲ್ಲಿರುವಾಗ ಬಲು ನಾಜೂಕು ಜೀವಿ. ಮುಚ್ಚಿದ ಮೃತದೇಹದೊಳಗೆ ಆಮ್ಲಜನಕವಿಲ್ಲ, ಕೊಳೆಸುವ ಇತರ ಬ್ಯಾಕ್ಟೀರಿಯಾಗಳು ಮುಗಿಬೀಳುತ್ತವೆ, ಹಾಗಾಗಿ ಕೆಲವೇ ದಿನಗಳಲ್ಲಿ ಇದು ತಾನಾಗಿ ಸಾಯುತ್ತದೆ. ಗಾಳಿ ತಗುಲಿತೋ, ಗಟ್ಟಿ ಕವಚದ ಬೀಜಾಣುವಾಗಿ ಮಾರ್ಪಡುತ್ತದೆ. ಆ ಬೀಜಾಣುವಿಗೆ ಬಿಸಿಲು, ಬರ, ಮದ್ಯಸಾರ, ಸಾಮಾನ್ಯ ಸೋಂಕುನಿವಾರಕ ಯಾವುದೂ ಲೆಕ್ಕವಿಲ್ಲ. ಮಣ್ಣಿನಲ್ಲಿ ಅದು ದಶಕಗಳ ಕಾಲ ಕಾದಿರುತ್ತದೆ. ಸ್ಕಾಟ್ಲೆಂಡಿನ ಬಳಿಯ ಗ್ರುನಾರ್ಡ್ ದ್ವೀಪದಲ್ಲಿ 1942ರಲ್ಲಿ ಯುದ್ಧದ ಸಲುವಾಗಿ ಅಂಥ್ರಾಕ್ಸ್ ಬೀಜಾಣುಗಳನ್ನು ಕುರಿಗಳ ಮೇಲೆ ಪ್ರಯೋಗಿಸಿದ್ದರು. 1986ರಲ್ಲಿ ಸಮುದ್ರದ ನೀರಿನಲ್ಲಿ ಬೆರೆಸಿದ ಫಾರ್ಮಾಲ್ಡಿಹೈಡನ್ನು ನೆಲಕ್ಕೆಲ್ಲ ಹಾಯಿಸಿ, 1990ರಲ್ಲಿ ಆ ದ್ವೀಪ ಸುರಕ್ಷಿತವೆಂದು ಸಾರುವವರೆಗೆ ಅಲ್ಲಿ ಜನ ಕಾಲಿಡುವಂತಿರಲಿಲ್ಲ. ರಷ್ಯಾದ ಯಮಾಲ್ ಪ್ರದೇಶದಲ್ಲಿ 1941ರ ನಂತರ ಕಾಣದಿದ್ದ ರೋಗ 2016ರ ಕಡುಬೇಸಿಗೆಯಲ್ಲಿ ಮರುಕಳಿಸಿ ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳನ್ನು ಬಲಿ ತೆಗೆದುಕೊಂಡಿತು. ಬೀಜಾಣು, ದಂಡಾಣು, ಮತ್ತೆ ಬೀಜಾಣು ಎಂಬ ಈ ಚಕ್ರವನ್ನು 1876ರಲ್ಲಿ ಮೊದಲು ಬಿಡಿಸಿ ತೋರಿಸಿದವರು ಜರ್ಮನ್ ವೈದ್ಯ ರಾಬರ್ಟ್ ಕಾಕ್. ಒಂದು ನಿರ್ದಿಷ್ಟ ಸೂಕ್ಷ್ಮಜೀವಿಯೇ ಒಂದು ನಿರ್ದಿಷ್ಟ ರೋಗಕ್ಕೆ ಕಾರಣವೆಂದು ಜಗತ್ತು ಒಪ್ಪಿದ್ದು ದನಕುರಿಗಳ ಈ ಕಾಯಿಲೆಯ ಮೂಲಕ.

ಹಾಗಾದರೆ ಪತ್ತೆ ಹೇಗೆ? ಕಿವಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ ತೆಗೆದ ಒಂದು ಹನಿ ರಕ್ತ ಸಾಕು. ತೆಗೆದ ಜಾಗವನ್ನು ಒಡನೆ ಸೋಂಕುನಿವಾರಕದಲ್ಲಿ ನೆನೆಸಿದ ಹತ್ತಿಯಿಂದ ಒತ್ತಿ ಮುಚ್ಚಬೇಕು. ಆ ಹನಿಯನ್ನು ಗಾಜಿನ ಪಟ್ಟಿಗೆ ಸವರಿ ಹಳೆಯ ಮೆಥಿಲೀನ್ ಬ್ಲೂ ಬಣ್ಣ ಹಚ್ಚಿದಾಗ, ತುದಿ ಕತ್ತರಿಸಿದಂತೆ ಚೌಕನಾಗಿರುವ ನೀಲಿ ಕಡ್ಡಿಗಳು ಒಂದರ ಹಿಂದೊಂದು ಗಾಡಿ ಕಟ್ಟಿದಂತೆ ಸಾಲಾಗಿ ಕಾಣುತ್ತವೆ, ಅವುಗಳ ಸುತ್ತ ನಸುಗೆಂಪು ಪರದೆಯಿರುತ್ತದೆ. ಕರುಳಿನಿಂದ ಹೊರಟ ಕೊಳೆಯುವ ದಂಡಾಣುಗಳಿಗೆ ಆ ನಸುಗೆಂಪು ಪರದೆ ಇರುವುದಿಲ್ಲ. ನಿಮ್ಮ ಪ್ರಯೋಗಾಲಯದವರು ಗ್ರಾಂ ಬಣ್ಣವನ್ನಷ್ಟೇ ಹಚ್ಚಿದ್ದರೆ ಈ ವ್ಯತ್ಯಾಸ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಮಾದರಿ ಇನ್ನೂ ಉಳಿದಿದ್ದರೆ ಪಿಸಿಆರ್ ಪರೀಕ್ಷೆ ಮಾಡಿಸಲು ನಿಮ್ಮ ಪಶುವೈದ್ಯರ ಮೂಲಕ ಕೇಳಿ. ನಂಜಿನ ಮತ್ತು ಪರದೆಯ ಜೀನ್‌ಗಳನ್ನು ಹುಡುಕುವ ಆ ಪರೀಕ್ಷೆ ಕೊಳೆತ ಮಾದರಿಯಲ್ಲೂ ಉತ್ತರ ಕೊಡಬಲ್ಲದು.

ಲಸಿಕೆಯ ಪ್ರಶ್ನೆಗೆ ಉತ್ತರ: ಒಂದೇ ಲಸಿಕೆ ಎಲ್ಲಕ್ಕೂ ಸಾಲದು. ಚಪ್ಪೆ ಬೇನೆಯ ಲಸಿಕೆ ನೆರಡಿಯಿಂದ ಕಾಪಾಡುವುದಿಲ್ಲ, ನೆರಡಿಯದು ಚಪ್ಪೆ ಬೇನೆಯಿಂದ ಕಾಪಾಡುವುದಿಲ್ಲ. ಇವೆರಡನ್ನು ಹಾಕುವ ಕ್ರಮವೂ ಬೇರೆ, ಇಲ್ಲಿ ಎಡವುವವರು ಬಹಳ. ಚಪ್ಪೆ ಬೇನೆಯ ಲಸಿಕೆ ಫಾರ್ಮಲಿನ್‌ನಿಂದ ಸಾಯಿಸಿದ ದಂಡಾಣುಗಳದ್ದು. ಆದ್ದರಿಂದ ರೋಗ ಎದ್ದಿರುವಾಗ ಅಪಾಯದಲ್ಲಿರುವ ಕರುಗಳಿಗೆ ಲಸಿಕೆಯನ್ನೂ ಪೆನಿಸಿಲಿನನ್ನೂ ಒಟ್ಟಿಗೆ ಕೊಡಬಹುದು, ಲಸಿಕೆಯ ಬಲ ಬರುವ ಸುಮಾರು ಎರಡು ವಾರಗಳ ಅಂತರವನ್ನು ಔಷಧ ತುಂಬಿಕೊಡುತ್ತದೆ. ನೆರಡಿಯ ಲಸಿಕೆ ಹಾಗಲ್ಲ. ಅದು ದಕ್ಷಿಣ ಆಫ್ರಿಕಾದಲ್ಲಿ 1930ರ ದಶಕದಲ್ಲಿ ಮ್ಯಾಕ್ಸ್ ಸ್ಟರ್ನ್ ರೂಪಿಸಿದ, ಹೊರಪರದೆಯನ್ನು ಕಳೆದುಕೊಂಡ ಜೀವಂತ ಬೀಜಾಣುಗಳ ಲಸಿಕೆ. ಅದರ ಆಸುಪಾಸಿನ ದಿನಗಳಲ್ಲಿ ಪೆನಿಸಿಲಿನ್ ಕೊಟ್ಟರೆ ಲಸಿಕೆಯ ಬೀಜಾಣುಗಳೇ ಸತ್ತು ದನಕ್ಕೆ ಯಾವ ರಕ್ಷಣೆಯೂ ಸಿಗುವುದಿಲ್ಲ. ಆದ್ದರಿಂದ ಜ್ವರವಿರುವ ದನಗಳಿಗೆ ಮೊದಲು ಚಿಕಿತ್ಸೆ, ಔಷಧದ ಪ್ರಭಾವ ಇಳಿದ ಮೇಲೆ ಲಸಿಕೆ. ಜ್ವರವಿಲ್ಲದವಕ್ಕೆ ಔಷಧವಿಲ್ಲದೆ ನೇರವಾಗಿ ಲಸಿಕೆ. ಎರಡನ್ನೂ ವರ್ಷಕ್ಕೊಮ್ಮೆ, ಮಳೆಗೆ ಅಥವಾ ರೋಗದ ಕಾಲಕ್ಕೆ ಒಂದು ತಿಂಗಳ ಮೊದಲೇ ಹಾಕಿಸಿಕೊಳ್ಳಬೇಕು. ಜೊತೆಗೆ ಇನ್ನೊಂದು ಮಾತು: ಗಳಲೆ ರೋಗವೂ ಇದೇ ಕಾಲದಲ್ಲಿ ಬಂದು ಇಷ್ಟೇ ಬೇಗ ಕೊಲ್ಲುವುದರಿಂದ ಜನ ಮೂರನ್ನೂ ಒಂದೇ ಎಂದುಕೊಳ್ಳುತ್ತಾರೆ; ಆದರೆ ಅದಕ್ಕೆ ಕಾರಣವಾದ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ನೇರಳೆ ಬಣ್ಣ ಉಳಿಸಿಕೊಳ್ಳದ ಗ್ರಾಂ ನೆಗೆಟಿವ್, ಅದಕ್ಕೆ ಅದರದೇ ಲಸಿಕೆ ಬೇಕು.

ನಿಮ್ಮಲ್ಲಿ ಕುರಿ, ಆಡುಗಳೂ ಇದ್ದರೆ ಇದೇ ಬಳಗದ ಇನ್ನೊಂದು ರೋಗದ ಬಗ್ಗೆ ತಿಳಿದಿರಬೇಕು. ಅದು ಕರುಳು ಬೇನೆ, ಅಂದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಹುಟ್ಟಿಸುವ ಕರುಳಿನ ನಂಜು. ಇಲ್ಲಿ ದಂಡಾಣು ಹೊರಗಿನಿಂದ ಬರಬೇಕಾಗಿಲ್ಲ, ಆರೋಗ್ಯವಂತ ಕುರಿಯ ಕರುಳಿನಲ್ಲೇ ಅಲ್ಪ ಸಂಖ್ಯೆಯಲ್ಲಿ ಇರುತ್ತದೆ. ಒಮ್ಮೆಲೇ ಹೆಚ್ಚು ಕಾಳು ತಿಂದಾಗ, ಅಥವಾ ಮಳೆಯ ನಂತರದ ಎಳೆ ಹುಲ್ಲಿಗೆ ನುಗ್ಗಿದಾಗ, ಜೀರ್ಣವಾಗದ ಪಿಷ್ಟ ಕರುಳಿಗಿಳಿದು ಅದು ಮಿತಿಮೀರಿ ಬೆಳೆಯುತ್ತದೆ. ಇದರ ಎರಡು ನಂಜುಗಳ ನಡುವಿನ ವ್ಯತ್ಯಾಸ ನನಗೆ ಯಾವಾಗಲೂ ಅಚ್ಚರಿಯ ವಿಷಯ. ಈ ದಂಡಾಣುವಿನ ಡಿ ಎಂಬ ಬಗೆಯ ಎಪ್ಸಿಲಾನ್ ನಂಜು ಹುಟ್ಟುವಾಗ ನಿಶ್ಶಕ್ತವಾಗಿರುತ್ತದೆ. ಪ್ರಾಣಿಯ ಸ್ವಂತ ಜೀರ್ಣರಸವಾದ ಟ್ರಿಪ್ಸಿನ್ ಅದನ್ನು ಕತ್ತರಿಸಿದ ಮೇಲೆಯೇ ಅದಕ್ಕೆ ಕೊಲ್ಲುವ ಶಕ್ತಿ ಬರುತ್ತದೆ. ಬಿ ಮತ್ತು ಸಿ ಬಗೆಯ ಬೀಟಾ ನಂಜನ್ನು ಅದೇ ಟ್ರಿಪ್ಸಿನ್ ನಾಶಮಾಡುತ್ತದೆ. ಹೀಗಾಗಿ ಟ್ರಿಪ್ಸಿನ್ ಇನ್ನೂ ಸಾಕಷ್ಟು ಕೆಲಸ ಮಾಡದ, ಗಿಣ್ಣುಹಾಲಿನಲ್ಲಿ ಅದನ್ನು ತಡೆಯುವ ಅಂಶವೂ ಇರುವ ಮೊದಲ ದಿನಗಳಲ್ಲಿ ಮರಿಗಳು ಬೀಟಾ ನಂಜಿನಿಂದ ರಕ್ತಭೇದಿಯಾಗಿ ಸಾಯುತ್ತವೆ. ಬೆಳೆದು ಚೆನ್ನಾಗಿ ಮೇಯುವ ಮರಿಗಳು ಎಪ್ಸಿಲಾನ್‌ನಿಂದ ಸೆಳೆತ ಬಂದು ಸಾಯುತ್ತವೆ. ಎರಡರಲ್ಲೂ ಔಷಧಕ್ಕೆ ಸಮಯವೇ ಸಿಗುವುದಿಲ್ಲ. ಈಯಲು ನಾಲ್ಕರಿಂದ ಆರು ವಾರ ಇರುವಾಗ ತಾಯಿಗೆ ಲಸಿಕೆ ಹಾಕಿಸಿ, ಹುಟ್ಟಿದ ಮರಿ ಮೊದಲ ಗಂಟೆಗಳಲ್ಲೇ ಹೊಟ್ಟೆತುಂಬ ಗಿಣ್ಣುಹಾಲು ಕುಡಿಯುವಂತೆ ನೋಡಿಕೊಂಡರೆ ರಕ್ಷಣೆ ಹಾಲಿನೊಡನೆಯೇ ಇಳಿಯುತ್ತದೆ.

ಧನುರ್ವಾಯು ಮತ್ತು ಬಾಟುಲಿಸಂ ಇದೇ ಕುಲದವು. ಒಂದರ ನಂಜು ಸ್ನಾಯುಗಳನ್ನು ಸಡಿಲಗೊಳ್ಳಲು ಬಿಡದೆ ಮರದಂತೆ ಸೆಟೆಸುತ್ತದೆ, ಇನ್ನೊಂದರದು ನಾಲಗೆಯೂ ಜೋತುಬೀಳುವಂತೆ ಸೋಲಿಸುತ್ತದೆ. ದನಗಳು ಹಳೆಯ ಮೂಳೆ ಕಡಿಯುವುದನ್ನು ಕಂಡರೆ ಮೇವಿನಲ್ಲಿ ರಂಜಕದ ಕೊರತೆಯಿದೆ ಎಂದು ತಿಳಿದು ಖನಿಜ ಮಿಶ್ರಣ ಕೊಡಿ, ಏಕೆಂದರೆ ಬಾಟುಲಿಸಂ ನಂಜು ಆ ಮೂಳೆಗೆ ಅಂಟಿದ ಕೊಳೆತ ಮಾಂಸದಲ್ಲಿರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯ ಆರ್ನಾಲ್ಡ್ ಥೈಲರ್ ಈ ಸಂಬಂಧವನ್ನು ಸುಮಾರು ಒಂದು ಶತಮಾನದ ಹಿಂದೆಯೇ ತೋರಿಸಿದ್ದರು. ಬೀಜಾಣು ಕಟ್ಟದ ಗ್ರಾಂ ಪಾಸಿಟಿವ್ ದಂಡಾಣುಗಳೂ ಇವೆ. ಸರಿಯಾಗಿ ಹುಳಿಯಾಗದ ರಸಮೇವಿನಲ್ಲಿ, ಅಂದರೆ ಸೈಲೇಜಿನಲ್ಲಿ, ಬೆಳೆದು ಮೆದುಳಿಗೆ ಏರಿ ದನವನ್ನು ಒಂದೇ ಕಡೆಗೆ ಸುತ್ತುವಂತೆ ಮಾಡುವ ಲಿಸ್ಟೀರಿಯಾ, ಹಂದಿಯ ಮೈಮೇಲೆ ಚೌಕಳಿ ಗುರುತು ಎಬ್ಬಿಸುವ ಎರಿಸಿಪೆಲೋತ್ರಿಕ್ಸ್, ಕುರಿಗಳ ದವಡೆಯಡಿ ಹಸಿರುಗೀವಿನ ಗಂಟು ಕಟ್ಟುವ ಕಾರಿನೆಬ್ಯಾಕ್ಟೀರಿಯಂ ಮುಖ್ಯವಾದವು. ನಿಮ್ಮ ಕಡಸುಗಳ ಸಾವಿಗೂ ಇವಕ್ಕೂ ಸಂಬಂಧ ಕಾಣುವುದಿಲ್ಲ, ಹಾಗಾಗಿ ಇಲ್ಲಿ ಬೆಳೆಸುವುದಿಲ್ಲ.

ಈಗ ಹಾಲು ಮತ್ತು ನೆಲ. ಉಳಿದ ಎಲ್ಲ ದನಗಳ ಜ್ವರವನ್ನು ದಿನಕ್ಕೆರಡು ಸಲ ಅಳೆಯಿರಿ. 40 ಡಿಗ್ರಿ ಸೆಲ್ಸಿಯಸ್ ಮೀರಿದ್ದನ್ನು ಬೇರೆ ಕಟ್ಟಿ ಕೂಡಲೇ ಪಶುವೈದ್ಯರನ್ನು ಕರೆಯಿರಿ, ಅದರ ಹಾಲನ್ನು ಕರುವಿಗೂ ಕುಡಿಸಬೇಡಿ. ಉಳಿದವುಗಳ ಹಾಲನ್ನೂ ಪರೀಕ್ಷೆಯ ಫಲ ಬಂದು, ಪಶುವೈದ್ಯರು ಒಪ್ಪುವವರೆಗೆ ಮಾರಬೇಡಿ, ಬಳಸಬೇಡಿ. ಕಾಯಿಸಿದರೆ ಸಾಕಲ್ಲವೇ ಎಂದು ಕೇಳುತ್ತೀರಿ. ದಂಡಾಣು ಸಾಯುತ್ತದೆ, ಬೀಜಾಣು ಸಾಯುತ್ತದೆಂಬ ಭರವಸೆ ಇಲ್ಲ. ಲಸಿಕೆ ಹಾಕಿಸಿದ ಮೇಲೆ ಹಾಲು, ಮಾಂಸ ಬಳಸಬಾರದ ಅವಧಿ ಲಸಿಕೆಯೊಡನೆ ಬರುವ ಚೀಟಿಯಲ್ಲಿರುತ್ತದೆ, ಅದನ್ನು ಓದಿಸಿಕೊಳ್ಳಿ. ಬಹುತೇಕ ದೇಶಗಳಲ್ಲಿ ನೆರಡಿಯ ಸಂಶಯವನ್ನೂ ಸರ್ಕಾರದ ಪಶುವೈದ್ಯ ಇಲಾಖೆಗೆ ತಿಳಿಸುವುದು ಕಡ್ಡಾಯ. ಮಂದೆಯನ್ನು ಒಂದೆಡೆ ತಡೆದಿಡುವ ತೀರ್ಮಾನ ಅವರದು.

ಮೃತದೇಹವನ್ನು ಪೂರ್ತಿ ಸುಡುವುದೇ ಉತ್ತಮ ಮಾರ್ಗವಾಗಿತ್ತು. ಈಗಾಗಲೇ ಹೂತಿರುವುದರಿಂದ ನೀವಾಗಿಯೇ ಅಗೆದು ತೆಗೆಯಬೇಡಿ; ಅದು ಬೀಜಾಣುಗಳನ್ನು ಮೇಲಕ್ಕೆ ತಂದಂತೆ. ಹೂತ ಜಾಗಕ್ಕೂ, ಹೊಟ್ಟೆ ಕೊಯ್ದು ರಕ್ತ ಚೆಲ್ಲಿದ ಜಾಗಕ್ಕೂ ಗಟ್ಟಿ ಬೇಲಿ ಹಾಕಿ. ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ಬೀಜಾಣುಗಳಿದ್ದರೆ ಅಲ್ಲಿ ಮೇಲ್ಮಣ್ಣಿನಲ್ಲೇ ಇರುತ್ತವೆ. ರಕ್ತ ಬಿದ್ದ ಮಣ್ಣು, ಹುಲ್ಲು, ಆ ದನದಡಿ ಹಾಸಿದ್ದ ಒಣಮೇವನ್ನು ಸುಡಿಸಿ. ಉಳಿದ ನೆಲವನ್ನು ಇಲಾಖೆಯವರ ನಿಗಾದಲ್ಲಿ ಹತ್ತು ಶೇಕಡ ಫಾರ್ಮಲಿನ್ ದ್ರಾವಣದಿಂದ ನೆನೆಸುವುದು ರೂಢಿಯಲ್ಲಿದೆ. ಪರೀಕ್ಷೆಯಲ್ಲಿ ನೆರಡಿ ಖಚಿತವಾದರೆ ಆ ಎರಡು ತುಂಡು ನೆಲದಲ್ಲಿ ಮುಂದೆಂದೂ ಮೇಯಿಸಬೇಡಿ, ಉಳುಮೆ ಮಾಡಬೇಡಿ, ಹುಲ್ಲು ಕೊಯ್ಯಬೇಡಿ. ನೆಲವನ್ನು ಮುಂದೆ ನೋಡಿಕೊಳ್ಳುವವರಿಗೂ ತಿಳಿಯುವಂತೆ ಗುರುತಿನ ಕಲ್ಲು ನೆಡಿಸಿ, ಅದರ ಮೇಲೆ ವರ್ಷವನ್ನೂ ಬರೆಸಿಡಿ.